ಮಿದುಳಿನ ರೋಗಿಯ ಎದೆಯನ್ನೂ ಕಾಯಿರಿ

ಲಕ್ವಾ ಹೊಡೆದವರ ಮನೆಗೆ ನಾವು ಹೋಗುವ ರೀತಿ ಬದಲಾಗಬೇಕು. ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯವರಿಗೆ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಹಳ್ಳಿಗಳವರಿಗೆ ಈ ಮಾತನ್ನು ಜೋರಾಗಿಯೇ ಹೇಳಬೇಕಾಗಿದೆ. ನಮ್ಮಲ್ಲಿ ಯಾರಿಗಾದರೂ ಕೈಕಾಲು ಬಿದ್ದ ಸುದ್ದಿ ಹಬ್ಬಿತೆಂದರೆ ತಾಸಿನೊಳಗೆ ಪಡಸಾಲೆ ತುಂಬುತ್ತದೆ. ಬಂದವರೆಲ್ಲ ಹೊರಸಿನ ಸುತ್ತ ಒತ್ತಾಗಿ ಕೂಡುತ್ತಾರೆ. ಒಬ್ಬರು ಎದೆ ಬಡಿದುಕೊಂಡು ಅಳುತ್ತಾರೆ. ಇನ್ನೊಬ್ಬರು "ಇನ್ನೇನ್ ಉಳೀತ್ರಿ, ಇದ್ದೂ ಸತ್ತಂಗ ಆತು" ಅನ್ನುತ್ತಾರೆ. ಸೊಸೈಟಿ ಸಾಲ, ಕಟಾವಿಗೆ ಬಂದ ತೊಗರಿ, ನಿಶ್ಚಯವಾದ ಮಗಳ ಮದುವೆ, ಪಾಲಾಗದ ಹೊಲ ಎಲ್ಲದರ ಲೆಕ್ಕವೂ ರೋಗಿಯ ತಲೆದಿಂಬಿನ ಪಕ್ಕದಲ್ಲೇ ನಡೆಯುತ್ತದೆ. ಬಾಯಿ ಸೊಟ್ಟಾದವರಿಗೆ, ಮಾತು ನಿಂತವರಿಗೆ ಕಿವಿಯೂ ಕೇಳುವುದಿಲ್ಲ ಎಂದು ನಮಗೆ ಯಾರು ಹೇಳಿದರು?

ಕೇಳುತ್ತದೆ. ಎಷ್ಟೋ ಸಲ ಎಲ್ಲವೂ ಕೇಳುತ್ತದೆ, ಅರ್ಥವೂ ಆಗುತ್ತದೆ. ಉತ್ತರ ಕೊಡುವುದಕ್ಕೆ ಮಾತ್ರ ಆಗುವುದಿಲ್ಲ.

ಎರಡನೆಯ ದಿನವೋ ಮೂರನೆಯ ದಿನವೋ ಆ ರೋಗಿಗೆ ಮೈ ತಣ್ಣಗಾಗಿ ಬೆವರು ಒಡೆಯುತ್ತದೆ, ಉಸಿರು ಮೇಲೆ ಕೆಳಗಾಗುತ್ತದೆ, ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ಊರು ತೀರ್ಮಾನ ಕೊಟ್ಟುಬಿಡುತ್ತದೆ: "ಲಕ್ವಾದಿಂದ ಪಾರಾಗಿದ್ದ, ಹಾರ್ಟ್ ಫೇಲಾಗಿ ಹೋದ. ಹಣೇಬರಹ." ಒಂದು ರೋಗದ ಮೇಲೆ ಇನ್ನೊಂದು ರೋಗ ಬಂದು ಬಿತ್ತು ಎಂದು ನಾವು ತಿಳಿಯುತ್ತೇವೆ. ವೈದ್ಯಶಾಸ್ತ್ರ ಬೇರೆ ಮಾತು ಹೇಳುತ್ತದೆ. ಎಷ್ಟೋ ಸಲ ಮಿದುಳಿಗೆ ಬಿದ್ದ ಪೆಟ್ಟೇ ಎದೆಗೂ ಬಿದ್ದಿರುತ್ತದೆ. ಪಾರ್ಶ್ವವಾಯು ಬಡಿದ 846 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೊದಲ ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 19 ಮಂದಿಗೆ ಹೃದಯದ ಗಂಭೀರ ತೊಂದರೆ ಕಾಣಿಸಿಕೊಂಡಿತ್ತು. ಅತಿ ಹೆಚ್ಚು ಅಪಾಯ ಎರಡು-ಮೂರನೆಯ ದಿನಗಳಲ್ಲೇ ಇತ್ತು. ನಮ್ಮ ಪಡಸಾಲೆ ತುಂಬಿ ತುಳುಕುವುದೂ ಆ ದಿನಗಳಲ್ಲೇ. ಬಂದವರ ಅಳುವಿನಿಂದಲೇ ರೋಗಿ ಸತ್ತ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಅನ್ಯಾಯ. ಮುಖ್ಯ ಕಾರಣ ಮಿದುಳಿನ ಗಾಯವೇ. ಆದರೆ ಆಗಲೇ ಹದ ತಪ್ಪಿರುವ ಎದೆಯ ಮೇಲೆ ಹೆದರಿಕೆ, ಅವಮಾನ, ನಿದ್ದೆಗೇಡುಗಳ ಹೊರೆಯನ್ನು ಹೊರಿಸುವ ಹಕ್ಕು ಯಾವ ನೆಂಟಸ್ತಿಕೆಗೂ ಇಲ್ಲ.

ಮಿದುಳು ಕೆಟ್ಟರೆ ಎದೆ ಯಾಕೆ ಕೆಡಬೇಕು? ಎರೆಭೂಮಿಯ ರೈತರಿಗೆ ಇದನ್ನು ತಿಳಿಸಲು ಒಂದು ಚೇಳು ಸಾಕು. ಕೆಂಪು ಚೇಳು ಕಡಿದಾಗ ವಿಷ ನೇರವಾಗಿ ಹೃದಯವನ್ನು ತಿನ್ನುವುದಿಲ್ಲ. ಅದು ನರಗಳ ತುದಿಗಳನ್ನು ಕೆರಳಿಸುತ್ತದೆ. ಅಲ್ಲಿಂದ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಎಂಬ ರಸಗಳು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ಬೆವರು, ತಣ್ಣನೆಯ ಕೈಕಾಲು, ಏರುವ ರಕ್ತದೊತ್ತಡ. ಆಮೇಲೆ ಹೃದಯದ ಸ್ನಾಯು ಸೋತು, ಪುಪ್ಪುಸದಲ್ಲಿ ನೀರು ತುಂಬಿ, ಬಾಯಲ್ಲಿ ಕೆಂಪು ನೊರೆ. ಇದನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೊರಗಿನ ವಿಷವೊಂದು ಎಬ್ಬಿಸುವ ಈ ನರಗಳ ಬಿರುಗಾಳಿಯನ್ನು ಮಿದುಳು ತಾನೇ ಎಬ್ಬಿಸಬಲ್ಲದು. ಮಿದುಳಿನ ಸುತ್ತ ರಕ್ತ ಸೋರಿದಾಗ, ಮಿದುಳಿಗೆ ರಕ್ತ ಹರಿಯುವುದು ನಿಂತಾಗ, ಫಿಟ್ಸ್ ಮೇಲಿಂದ ಮೇಲೆ ಬಂದಾಗ, ತಲೆಗೆ ಬಲವಾದ ಪೆಟ್ಟು ಬಿದ್ದಾಗ ಅದೇ ಅಡ್ರಿನಾಲಿನ್ ಹೃದಯದ ಮೇಲೆ ಸುರಿಯುತ್ತದೆ. ಎದೆಬಡಿತವನ್ನೂ ರಕ್ತದೊತ್ತಡವನ್ನೂ ಹಿಡಿತದಲ್ಲಿಡುವ ಕೇಂದ್ರಗಳು ಮಿದುಳಿನ ಒಳಪದರಗಳಲ್ಲಿವೆ. ಇನ್ಸುಲಾ ಎಂಬ ಭಾಗ, ಹೈಪೊಥಲಾಮಸ್ ಎಂಬ ಭಾಗ ಇವುಗಳಲ್ಲಿ ಮುಖ್ಯವಾದವು. ಆ ಜಾಗಕ್ಕೆ ಗಾಯವಾದರೆ ಲಗಾಮು ಕಳಚಿತು.

ಇದು ನಿನ್ನೆ ಮೊನ್ನೆ ತಿಳಿದ ವಿಷಯವಲ್ಲ. ಮಿದುಳಿನ ರಕ್ತಸ್ರಾವದ ರೋಗಿಗಳ ಇಸಿಜಿಯಲ್ಲಿ ಹೃದಯಾಘಾತವನ್ನು ಹೋಲುವ ವಿಚಿತ್ರ ಅಲೆಗಳಿರುತ್ತವೆ ಎಂದು ಅಮೆರಿಕದ ಜಾರ್ಜ್ ಬರ್ಚ್ ಮತ್ತು ಸಂಗಡಿಗರು 1954ರಲ್ಲೇ ಬರೆದರು. 1990ರಲ್ಲಿ ಜಪಾನಿನ ಹಿರೋಶಿಮಾದ ಹಿಕಾರು ಸಾಟೊ ಮತ್ತು ಸಂಗಡಿಗರು ಇನ್ನೊಂದು ಚಿತ್ರ ಮುಂದಿಟ್ಟರು: ತೀವ್ರ ಆಘಾತದ ನಂತರ ಹೃದಯದ ಎಡಕೋಣೆಯ ತುದಿ ಬಡಿಯುವುದನ್ನೇ ನಿಲ್ಲಿಸಿ ಉಬ್ಬಿಕೊಳ್ಳುತ್ತದೆ, ಬುಡ ಮಾತ್ರ ಬಡಿಯುತ್ತಿರುತ್ತದೆ. ಆ ಆಕಾರ ಅಲ್ಲಿನ ಬೆಸ್ತರು ಅಷ್ಟಪದಿಯನ್ನು ಹಿಡಿಯುವ, ಕಿರಿಕೊರಳಿನ ಮಡಕೆಯಂತಿತ್ತು. ಟಾಕೊಟ್ಸುಬೊ ಎಂಬ ಆ ಮಡಕೆಯ ಹೆಸರೇ ಕಾಯಿಲೆಗೂ ಬಂತು. ಇಂಥವರ ಹೃದಯದ ರಕ್ತನಾಳಗಳಲ್ಲಿ ಕೊಬ್ಬಿನ ಅಡ್ಡಿ ಇರುವುದಿಲ್ಲ, ಅಥವಾ ಇದ್ದರೂ ಆ ಉಬ್ಬಿಗೆ ಅದು ಕಾರಣವಾಗಿರುವುದಿಲ್ಲ. ಮೊದಲ ದಿನಗಳನ್ನು ದಾಟಿದರೆ ಕೆಲವೇ ವಾರಗಳಲ್ಲಿ ಬಹಳಷ್ಟು ಜನರ ಹೃದಯ ಮತ್ತೆ ಸರಿಯಾಗಿ ಬಡಿಯತೊಡಗುತ್ತದೆ. ಆ ಮೊದಲ ದಿನಗಳನ್ನು ದಾಟಿಸುವುದೇ ನಮ್ಮ ಕೆಲಸ. ಕಾಯ್ದರೆ ಉಳಿಯುವ ಜೀವವನ್ನು ಕಾಯದೆ ಬಿಟ್ಟು ಹಣೆಬರಹದ ಮೇಲೆ ಹಾಕುತ್ತೇವಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳು ಸೇರಿ 1750 ಟಾಕೊಟ್ಸುಬೊ ರೋಗಿಗಳ ವಿವರವನ್ನು 2015ರಲ್ಲಿ ಪ್ರಕಟಿಸಿದವು. ಅವರಲ್ಲಿ ನೂರಕ್ಕೆ 56ರಷ್ಟು ಮಂದಿಗೆ ನರದ ಅಥವಾ ಮನಸ್ಸಿನ ಕಾಯಿಲೆ ಆ ಹೊತ್ತಿಗೆ ಇರುವುದು ಇಲ್ಲವೇ ಮೊದಲೇ ಇದ್ದುದು ಕಂಡುಬಂತು. ಸಾಮಾನ್ಯ ಹೃದಯಾಘಾತದವರಲ್ಲಿ ಈ ಪ್ರಮಾಣ ನೂರಕ್ಕೆ 26 ಮಾತ್ರ. ಆಸ್ಪತ್ರೆಯಲ್ಲೇ ಸತ್ತವರು ನೂರಕ್ಕೆ ನಾಲ್ವರು. ಒಡೆದ ಎದೆಯ ಕಾಯಿಲೆ ಎಂದು ಪತ್ರಿಕೆಗಳು ಇದನ್ನು ಪ್ರೇಮಭಂಗದ ಕಥೆಯಾಗಿ ಬರೆದು ಹಗುರ ಮಾಡಿವೆ. ಇದು ಹಗುರದ ಕಾಯಿಲೆಯಲ್ಲ.

ಈಗ ನಮ್ಮ ದವಾಖಾನೆಗಳಿಗೆ ಬರೋಣ. ಇಲ್ಲಿ ಒಂದು ಮಾತನ್ನು ಬಹಳ ಎಚ್ಚರದಿಂದ ಹೇಳಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಆಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ. ನಿಜವಾದ ಹೃದಯಾಘಾತದಲ್ಲಿ ಅದು ಜೀವ ಉಳಿಸುತ್ತದೆ. ಬೇಕೆಂದಾಗ ಅದನ್ನು ಯಾರೂ ನಿರಾಕರಿಸಬಾರದು. ಆದರೆ ಅದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು. ಮಿದುಳಿನಲ್ಲಿ ರಕ್ತ ಸೋರುತ್ತಿರುವ ರೋಗಿಯ ಇಸಿಜಿ ಹೃದಯಾಘಾತದಂತೆ ಕಂಡು, ಆ ಚುಚ್ಚುಮದ್ದು ಹೋಯಿತೆಂದರೆ, ಸೋರಿಕೆ ಪ್ರವಾಹವಾಗುತ್ತದೆ. ಎರಡರ ನಡುವಿನ ಅಂತರ ನಾಲ್ಕು ಪ್ರಶ್ನೆಗಳಷ್ಟು. ತಲೆ ಸಿಡಿದುಹೋಗುವಂಥ ನೋವು ಥಟ್ಟನೆ ಬಂತೇ? ವಾಂತಿಯಾಯಿತೇ, ಎಚ್ಚರ ತಪ್ಪಿತೇ? ಫಿಟ್ಸ್ ಬಂತೇ? ಒಂದು ಕಡೆಯ ಕೈಕಾಲು, ಮಾತು, ಮುಖ ಬಿದ್ದವೇ? ವೈದ್ಯರು ಕೇಳದಿದ್ದರೆ ನೀವೇ ಹೇಳಿ. "ಎದಿ ಹಿಡದೈತ್ರಿ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ತಲೆನೋವಿನಿಂದ ಶುರುವಾಯಿತು, ಆಮೇಲೆ ಬಿದ್ದರು, ಆಮೇಲೆ ಎದೆ ಎಂದು ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಹೇಳಿ. ಕಂಡದ್ದನ್ನು ಕಂಡ ಹಾಗೆ ವರದಿ ಮಾಡುವ ಒಬ್ಬ ಹುಡುಗ ಆಂಬ್ಯುಲೆನ್ಸಿನಲ್ಲಿ ಜೊತೆಗಿದ್ದರೆ, ಅಳುವ ಹತ್ತು ಮಂದಿಗಿಂತ ಹೆಚ್ಚು ಉಪಕಾರ.

ಇದರ ಇನ್ನೊಂದು ಮುಖವೂ ಇದೆ. ಲಕ್ವಾದ ರೋಗಿಯನ್ನು ಸಿ.ಟಿ. ಸ್ಕ್ಯಾನ್‌ಗೆ ಒಯ್ದು, ಮಿದುಳಿನ ಚಿತ್ರ ನೋಡಿ, ಎದೆಯನ್ನು ಮರೆತುಬಿಡುವುದು. ಮಾತು ಬಿದ್ದವರಿಗೆ ಎದೆ ನೋಯುತ್ತಿದೆ ಎಂದು ಹೇಳಲು ಬಾಯಿಲ್ಲ. ಎಡಭಾಗ ಸತ್ತವರಿಗೆ ಆ ಕಡೆಯ ನೋವು ತಿಳಿಯದೆಯೂ ಇರಬಹುದು. ಗಿಯಾನ್ ಬಾರೆ ಎಂಬ, ಕಾಲಿನಿಂದ ಮೇಲಕ್ಕೆ ಬಲ ಉಡುಗುತ್ತ ಬರುವ ಕಾಯಿಲೆಯಲ್ಲಿ ರಕ್ತದೊತ್ತಡ ಒಂದು ಗಳಿಗೆ ಮುಗಿಲಿಗೆ, ಮರುಗಳಿಗೆ ನೆಲಕ್ಕೆ. ಗಂಟಲಿನ ಕಫ ತೆಗೆಯುವಾಗಲೇ ಎದೆಬಡಿತ ನಿಂತುಹೋಗಬಹುದು. ಆದ್ದರಿಂದ ನರರೋಗದ ರೋಗಿಯ ಹತ್ತಿರ ಕೂತವರು ಅವರ ಪರವಾಗಿ ನೋಡುತ್ತಿರಬೇಕು. ತಣ್ಣನೆಯ ಬೆವರು, ಏದುಸಿರು, ಚಡಪಡಿಕೆ, ನೀಲಿಗಟ್ಟಿದ ತುಟಿ, ಇದ್ದಕ್ಕಿದ್ದಂತೆ ಮಂಪರು ಇವುಗಳಲ್ಲಿ ಒಂದು ಕಂಡರೂ ನರ್ಸನ್ನು ಎಬ್ಬಿಸಿ. "ರಾತ್ರಿ ಯಾಕ ತ್ರಾಸ ಕೊಡೂದು" ಎಂಬ ನಮ್ಮ ಸಂಕೋಚಕ್ಕೆ ಬಹಳ ಜೀವಗಳು ಬಲಿಯಾಗಿವೆ.

ದಾರಿಯ ಮಾತು. ಹೂವಿನ ಹಿಪ್ಪರಗಿಯಿಂದ ಬಸವನ ಬಾಗೇವಾಡಿಗೆ, ಅಲ್ಲಿಂದ ವಿಜಯಪುರಕ್ಕೆ ಹೋಗುವ ಹೊತ್ತು ಎಷ್ಟೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹಿಪ್ಪರಗಿಯ ಹೆಸರಿನ ವಿಧಾನಸಭಾ ಕ್ಷೇತ್ರವೂ ಅಳಿಸಿಹೋಯಿತು. ಕೇಳುವ ಕಿವಿ ಇನ್ನೂ ದೂರವಾಯಿತು ಅನ್ನಿಸಿದ್ದರೆ ತಪ್ಪಿಲ್ಲ. ಹೆಪ್ಪಿನಿಂದಾದ ಲಕ್ವಾಕ್ಕೆ ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಸಮಯ ರೋಗ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ, ಸ್ಕ್ಯಾನ್ ಆಗಬೇಕಾದದ್ದೂ ಅದರೊಳಗೇ. ಆ ನಾಲ್ಕೂವರೆ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ? ಮಾತ್ರೆ ಪುಡಿಮಾಡಿ ನಾಲಿಗೆಯಡಿ ಇಟ್ಟು ಬಿ.ಪಿ. ದಡಕ್ಕನೆ ಇಳಿಸುವವರ ಹತ್ತಿರ ಒಂದು ಗಂಟೆ. ಮಿದುಳಿಗೆ ರಕ್ತ ಸಾಲದೆ ಒದ್ದಾಡುವಾಗ ಒತ್ತಡವನ್ನು ಹಾಗೆ ಕೆಡವುವುದು ಗಾಯವನ್ನು ದೊಡ್ಡದು ಮಾಡುತ್ತದೆ. ಪಾರಿವಾಳದ ರಕ್ತ ಸವರುವವರ ಹತ್ತಿರ ಅರ್ಧ ದಿನ. ನುಂಗಲು ಬಾರದ ಬಾಯಿಗೆ ನೀರು ಹನಿಸಿ, ಅದು ಶ್ವಾಸನಾಳಕ್ಕೆ ಇಳಿದು, ಆಮೇಲೆ ನ್ಯೂಮೋನಿಯಾ. ಪ್ರತಿಯೊಂದು ತಡವೂ ಮಿದುಳಿನ ಲೆಕ್ಕಕ್ಕೆ ಬೀಳುತ್ತದೆ, ಅದರ ಬಡ್ಡಿಯನ್ನು ಹೃದಯ ತೀರಿಸುತ್ತದೆ. 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ರೋಗ ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿ. ಇಷ್ಟೇ.

ಮೂರ್ಛೆರೋಗದ ವಿಷಯದಲ್ಲಿ ನಮ್ಮ ಪಾಪದ ಗಂಟು ಇನ್ನೂ ದೊಡ್ಡದು. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ನಗರ ಹಾಗೂ ಹಳ್ಳಿ ಸೇರಿ ಲಕ್ಷಕ್ಕೂ ಮೀರಿದ ಜನರನ್ನು ಮನೆಮನೆಗೆ ಹೋಗಿ ನೋಡಿ, 2004ರಲ್ಲಿ ಲೆಕ್ಕ ಕೊಟ್ಟರು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ ಆರರ ಹತ್ತಿರ, ಹಳ್ಳಿಯಲ್ಲಿ ಸಾವಿರಕ್ಕೆ ಹನ್ನೆರಡರ ಹತ್ತಿರ. ಹಳ್ಳಿಯಲ್ಲಿ ಎರಡು ಪಟ್ಟು! ಆ ಲೆಕ್ಕ ಬೆಂಗಳೂರಿನದು, ನಿಜ. ಆದರೂ ಅದನ್ನು ನಿಮ್ಮ ಊರಿನ ಜನಸಂಖ್ಯೆಗೆ ಒಮ್ಮೆ ಹಚ್ಚಿ ನೋಡಿ. ಅಷ್ಟು ಜನರ ಹೆಸರು ನಿಮಗೆ ಗೊತ್ತೇ? ಗೊತ್ತಿರುವುದಿಲ್ಲ, ಯಾಕೆಂದರೆ ಬಚ್ಚಿಟ್ಟಿದ್ದೇವೆ. "ಗಾಳಿ ಬಡದೈತಿ" ಎಂದು ಅಂತ್ರ ಕಟ್ಟಿಸಿದ್ದೇವೆ. ಫಿಟ್ಸ್ ಬಂದು ನೆಲದ ಮೇಲೆ ಒದ್ದಾಡುವ ಹುಡುಗಿಯ ಕೈಗೆ ಕೀಲಿಕೈ ತುರುಕಿ, ಮೂಗಿಗೆ ಚಪ್ಪಲಿ ಹಿಡಿದು, ಸುತ್ತ ನಿಂತ ಐವತ್ತು ಮಂದಿಯ ನಡುವೆ ಅವಳಿಗೆ ಎಚ್ಚರವಾಗುವಂತೆ ಮಾಡಿದ್ದೇವೆ. ಒದ್ದೆಯಾದ ಬಟ್ಟೆಯಲ್ಲಿ ಕಣ್ಣು ಬಿಟ್ಟ ಅವಳ ಎದೆ ಆ ಹೊತ್ತಿನಲ್ಲಿ ಹೇಗೆ ಬಡಿಯುತ್ತಿರುತ್ತದೆ ಎಂದು ಒಬ್ಬರಾದರೂ ಕೇಳಿದ್ದೇವೆಯೇ?

ಮೂರ್ಛೆರೋಗವಿದೆ ಎಂಬ ಕಾರಣಕ್ಕೆ ಮದುವೆಯನ್ನು ಅಸಿಂಧುಗೊಳಿಸಲು ಅವಕಾಶ ಕೊಡುತ್ತಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟದ್ದನ್ನು ನಾವು ಬಿಟ್ಟಿಲ್ಲ. ಹುಡುಗಿ ನೋಡುವ ಶಾಸ್ತ್ರದ ಮುಂಚೆ ಗುಳಿಗೆ ಡಬ್ಬಿ ಅಟ್ಟ ಸೇರುತ್ತದೆ. ಮದುವೆಯಾಗಿ ಅತ್ತೆಮನೆಗೆ ಹೋದವಳು ಯಾರಾದರೂ ನೋಡಿಬಿಟ್ಟಾರೆಂದು ಗುಳಿಗೆಯನ್ನೇ ನಿಲ್ಲಿಸುತ್ತಾಳೆ. ಫಿಟ್ಸಿನ ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ ಮೊದಲಿಗಿಂತ ಜೋರಾದ, ನಿಲ್ಲದ ಫಿಟ್ಸ್ ಬರಬಹುದು. ಪ್ರತಿ ದೊಡ್ಡ ಫಿಟ್ಸೂ ಎದೆಗೆ ಒಂದು ಪೆಟ್ಟು. ಮೂರ್ಛೆರೋಗವಿರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ ಹಠಾತ್ತಾಗಿ, ಬೇರೆ ಕಾರಣ ಸಿಗದಂತೆ ಸಾಯುತ್ತಾರೆ. ಬಹುತೇಕ ರಾತ್ರಿ, ಬಹುತೇಕ ಒಬ್ಬರೇ ಮಲಗಿದ್ದಾಗ, ಹಿಡಿತಕ್ಕೆ ಬಾರದ ಫಿಟ್ಸ್ ಇರುವವರೇ. ಉಸಿರೂ ಹೃದಯವೂ ಅಲ್ಲಿ ಒಟ್ಟಿಗೇ ಸೋಲುತ್ತವೆ. ಗುಳಿಗೆ ತಪ್ಪಿಸದಿರುವುದೇ ಇದಕ್ಕೆ ಎಲ್ಲಕ್ಕಿಂತ ದೊಡ್ಡ ತಡೆ. ಗಂಡಿನ ಕಡೆಯವರೇ, ನಿಮ್ಮ ಸೊಸೆಯ ಗುಳಿಗೆ ಡಬ್ಬಿ ಅಡುಗೆಮನೆಯ ಗೂಡಿನಲ್ಲಿ ಎಲ್ಲರ ಕಣ್ಣೆದುರು ಇರಲಿ. ಇದಕ್ಕೆ ಖರ್ಚಿಲ್ಲ.

ಯುಗಾದಿಯ ಮುಂಚೆ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೂ ಒಂದು ಮಾತು. ಮಲ್ಲಯ್ಯನ ಕಂಬಿಯ ಹಿಂದೆ ಬಿರುಬಿಸಿಲಲ್ಲಿ ದಿನಗಟ್ಟಲೆ ನಡೆಯುವ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ನಿದ್ದೆಗೇಡು, ನೀರಿನ ಕೊರತೆ, ತಪ್ಪಿದ ಗುಳಿಗೆ, ಈ ಮೂರೂ ಸೇರಿದರೆ ಫಿಟ್ಸಿಗೂ ಲಕ್ವಾಕ್ಕೂ ಎದೆಬಡಿತದ ಏರುಪೇರಿಗೂ ದಾರಿ ತೆರೆದ ಹಾಗೆ. "ದೇವರ ಹಾದ್ಯಾಗ ಗುಳಿಗಿ ಯಾಕ" ಅನ್ನುವವರನ್ನು ಕಂಡಿದ್ದೇನೆ. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ ಕೊಡುವ ಪುಣ್ಯವಂತರು ಊಟದ ಸಾಲಿನಲ್ಲಿ ಒಮ್ಮೆ ಕೂಗಿ ಕೇಳಲಿ: ಗುಳಿಗೆ ತಗೊಂಡಿರೇನು? ರಂಜಾನಿನ ಉಪವಾಸ ಹಿಡಿಯುವ ಮೂರ್ಛೆರೋಗಿಗಳು ಹೊತ್ತು ಬದಲಿಸಿಕೊಳ್ಳುವುದನ್ನು ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಲಿ. ಮಠದ ಸ್ವಾಮಿಗಳು, ಮಸೀದಿಯ ಗುರುಗಳು ಈ ಮಾತನ್ನು ಪ್ರವಚನದಲ್ಲಿ ಒಂದು ಸಲ ಹೇಳಿದರೆ ನೂರು ಕರಪತ್ರಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇಷ್ಟು ಹೊತ್ತು ರೋಗಿಯ ಎದೆಯ ಮಾತಾಯಿತು. ರೋಗಿಯನ್ನು ನೋಡಿಕೊಳ್ಳುವವಳ ಎದೆ? ಟಾಕೊಟ್ಸುಬೊದ ಆ 1750 ಮಂದಿಯಲ್ಲಿ ನೂರಕ್ಕೆ 90 ಹೆಂಗಸರು, ಸರಾಸರಿ ವಯಸ್ಸು 67. ಮುಟ್ಟು ನಿಂತ ಮೇಲಿನ ವಯಸ್ಸು. ನಮ್ಮ ಮನೆಗಳಲ್ಲಿ ಲಕ್ವಾ ಹೊಡೆದ ಗಂಡನನ್ನು ಮಗ್ಗುಲು ಬದಲಿಸುತ್ತ, ಹಾಸಿಗೆ ಒಗೆಯುತ್ತ, ರಾತ್ರಿಯಿಡೀ ಎದ್ದು ಕೂರುವವರು ಸರಿಯಾಗಿ ಆ ವಯಸ್ಸಿನ ಹೆಂಗಸರೇ. ಮಕ್ಕಳು ದುಡಿಯಲು ಗೋವಾಕ್ಕೋ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಗಂಡ ಸತ್ತ ದಿನವೇ ಅವಳಿಗೆ ಎದೆ ಹಿಡಿದರೆ, "ಎದಿ ಒಡಕೊಂಡ್ಲು, ಪುಣ್ಯವಂತಿ, ಜೋಡೀಲೆ ಹೋದ್ಲು" ಎಂದು ಕೈ ಮುಗಿಯುವ ಸಂಪ್ರದಾಯ ನಮ್ಮದು. ಯಾವ ಪುಣ್ಯ? ಆ ಹೆಂಗಸಿಗೆ ಒಂದು ಇಸಿಜಿ ಆಗಬೇಕಾಗಿತ್ತು. ಶವದ ಮುಂದೆ ಕುಸಿದು ಕೂತು ಬೆವರುತ್ತಿರುವ ಹೆಂಗಸನ್ನು ದುಃಖವೆಂದು ಬಿಡಬೇಡಿ. ಎದೆನೋವು, ಏದುಸಿರು ಇದ್ದರೆ ಅವಳನ್ನು ಅದೇ ಕ್ಷಣ ದವಾಖಾನೆಗೆ ಒಯ್ಯಿರಿ, ಅಂತ್ಯಕ್ರಿಯೆ ಕಾಯುತ್ತದೆ. ಜೊತೆಗೆ ಹೆಣ್ಣುಮಕ್ಕಳಿಗೆ ಬಂದದ್ದು ಬರೀ ಮನಸ್ಸಿನ ಆಘಾತವೇ ಇರಬೇಕೆಂದು ಮನೆಯಲ್ಲೇ ತೀರ್ಮಾನಿಸುವುದೂ ಬೇಡ. ನಿಜವಾದ ಹೃದಯಾಘಾತವೋ ಟಾಕೊಟ್ಸುಬೊವೋ ಎಂದು ಹೇಳುವುದು ಇಸಿಜಿ, ರಕ್ತಪರೀಕ್ಷೆ, ಎಕೊ, ಆಂಜಿಯೋಗ್ರಾಂಗಳ ಕೆಲಸ.

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳಾದವೆಂದು ಇಡೀ ರಾಜ್ಯ ನಡುಗಿತು. ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದ ಸಾಲು ನಿಂತವು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೃದಯಾಘಾತವೆಂದು ಎಣಿಸಿದ ಸಾವುಗಳಲ್ಲಿ ಕೆಲವು ಹೃದಯದ ಕಾಯಿಲೆಯವೇ ಅಲ್ಲ ಎಂಬುದು ಆ ಸಮಿತಿಯ ವರದಿಯಿಂದ ಹೊರಬಂತು. ಹಠಾತ್ ಸಾವನ್ನು ದಾಖಲಿಸಿ ಕಾರಣ ಹುಡುಕಬೇಕೆಂಬ ಮಾತು ಅಲ್ಲಿಂದ ಬಲವಾಯಿತು. ಒಳ್ಳೆಯದೇ. ಆದರೆ ಹೂವಿನ ಹಿಪ್ಪರಗಿಯ ಹಾಸಿಗೆ ಹಿಡಿದ ಲಕ್ವಾದ ಮುದುಕ, ಫಿಟ್ಸಿನ ಹುಡುಗಿ ರಾತ್ರೋರಾತ್ರಿ ಸತ್ತರೆ ಯಾವ ಟೀವಿಯೂ ಬರುವುದಿಲ್ಲ. "ಮೊದಲ ಜಡ್ಡಿತ್ತು" ಎಂಬ ಎರಡು ಪದಗಳಲ್ಲಿ ಆ ಸಾವು ಮುಚ್ಚಿಹೋಗುತ್ತದೆ. ಜಡ್ಡು ಇದ್ದವರ ಸಾವಿಗೂ ಕಾರಣ ಬೇಕು.

ಇಷ್ಟೆಲ್ಲ ಸಣ್ಣ ಊರಿನಲ್ಲಿ ಆಗುವ ಕೆಲಸವೇ ಎಂದು ಕೇಳುವವರಿಗೆ ಎರಡು ಉದಾಹರಣೆ ಇವೆ. ಚೇಳಿನ ಮಾತು ಆಗಲೇ ಬಂತು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ ಹತ್ತಿರದ ಬಿರವಾಡಿ ಎಂಬ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಯುವ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಚೇಳು ಕಡಿದವರು ಹೃದಯ ಸೋತು ಸಾಯುವುದನ್ನು ಕಂಡರು. ರೋಗಿಗಳ ಹಾಸಿಗೆಯ ಪಕ್ಕ ರಾತ್ರಿಗಟ್ಟಲೆ ಕೂತು, ನಾಡಿ, ರಕ್ತದೊತ್ತಡ, ಬೆವರು ಎಲ್ಲವನ್ನೂ ಬರೆದಿಟ್ಟರು. ಪ್ರಾಜೊಸಿನ್ ಎಂಬ ಅಗ್ಗದ ರಕ್ತದೊತ್ತಡದ ಗುಳಿಗೆ ಆ ನರಗಳ ಬಿರುಗಾಳಿಯನ್ನು ತಡೆಯುತ್ತದೆಂದು ತೋರಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೂರಕ್ಕೆ ಮೂವತ್ತು-ನಲವತ್ತರಷ್ಟಿದ್ದ ಸಾವು ಒಂದೆರಡಕ್ಕೆ ಇಳಿಯಿತು. 2022ರಲ್ಲಿ ಪದ್ಮಶ್ರೀ ಬಂತು; ಅದಕ್ಕಿಂತ ಬಹಳ ಮೊದಲೇ ಕೊಂಕಣದ ತಾಯಂದಿರ ಹರಕೆ ಬಂದಿತ್ತು. ಎರಡನೆಯದು ನಮ್ಮದೇ ರಾಜ್ಯದ ಯಳಂದೂರು. ಬೆಂಗಳೂರಿನ ನರವೈದ್ಯ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65 ಸಾವಿರ ಜನರಿದ್ದ ಆ ಪ್ರದೇಶದಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟಲ್, ಫೆನಿಟಾಯಿನ್‌ನಂಥ ಹಳೆಯ ಅಗ್ಗದ ಗುಳಿಗೆಗಳಿಂದಲೇ ಅರ್ಧಕ್ಕಿಂತ ಹೆಚ್ಚು ಜನರ ಫಿಟ್ಸ್ ನಿಲ್ಲಿಸಿ, 2001ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಯಳಂದೂರಿನಲ್ಲಿ ಆದದ್ದು ಹಿಪ್ಪರಗಿಯಲ್ಲಿ ಯಾಕೆ ಆಗಬಾರದು? ಬೇಕಾದದ್ದು ಬಿಡದೆ ನೋಡುವ ವೈದ್ಯರು, ತಪ್ಪದೆ ಸಿಗುವ ಗುಳಿಗೆ, ಬಚ್ಚಿಡದ ಊರು.

ಆದ್ದರಿಂದ ಕರೆ ಯಾರಿಗೆ ಎಂದು ಹೆಸರಿಟ್ಟೇ ಹೇಳುತ್ತೇನೆ. ವೈದ್ಯಾಧಿಕಾರಿಗಳೇ, ಲಕ್ವಾ, ಫಿಟ್ಸ್, ತಲೆಪೆಟ್ಟಿನ ಪ್ರತಿ ರೋಗಿಗೂ ಬಂದ ಕೂಡಲೇ ಒಂದು ಇಸಿಜಿ, ಮರುದಿನ ಮತ್ತೊಂದು. ಕಳಿಸುವ ಚೀಟಿಯಲ್ಲಿ ಮಿದುಳಿನ ಜೊತೆ ಎದೆಯ ಸ್ಥಿತಿಯನ್ನೂ ಬರೆಯಿರಿ. ಜಿಲ್ಲಾ ಆಡಳಿತವೇ, ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಶುರುಮಾಡಿದ ಮಿದುಳಿನ ಆರೋಗ್ಯ ಕಾರ್ಯಕ್ರಮವನ್ನು ಜಿಲ್ಲಾ ಆಸ್ಪತ್ರೆಯ ಬಾಗಿಲಿಗೇ ನಿಲ್ಲಿಸದೆ ತಾಲ್ಲೂಕಿಗೆ, ಹೋಬಳಿಗೆ ಇಳಿಸಿ; ಅದನ್ನೂ ಹೃದಯಜ್ಯೋತಿಯನ್ನೂ ಒಂದೇ ದೂರವಾಣಿ ಕರೆಯಲ್ಲಿ ಬೆಸೆಯಿರಿ. ಎದೆಗೆ ಒಂದು ಯೋಜನೆ, ತಲೆಗೆ ಇನ್ನೊಂದು ಯೋಜನೆ ಎಂದು ಕಡತಗಳಲ್ಲಿ ಬೇರೆಯಾಗಿರಬಹುದು. ರೋಗಿಯ ಮೈಯಲ್ಲಿ ಬೇರೆಯಿಲ್ಲ. ಶಾಸಕರೇ, ಜಿಲ್ಲೆಗೆ ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂದು 2025ರಲ್ಲಿ ವಿಜಯಪುರದಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತದ್ದು ಕಟ್ಟಡದ ಆಸೆಗಲ್ಲ. ನಡುರಾತ್ರಿ ನರವೈದ್ಯರೂ ಹೃದಯವೈದ್ಯರೂ ಒಂದೇ ಸೂರಿನಡಿ ಬಡವರಿಗೆ ಸಿಗಬೇಕೆಂಬ ಹಸಿವು ಅದು. ಆಶಾ ತಂಗಿಯರೇ, ಬಿ.ಪಿ. ಸಕ್ಕರೆ ನೋಡಲು ಮನೆಗೆ ಹೋದಾಗ ಫಿಟ್ಸಿನ ಗುಳಿಗೆ ಮುಗಿದಿದೆಯೇ ಎಂದೂ ಕೇಳಿ. ಹಾಸಿಗೆ ಹಿಡಿದವರನ್ನು ಎಣಿಸುವಾಗ ಅವರನ್ನು ನೋಡಿಕೊಳ್ಳುವ ಹೆಂಗಸಿನ ತೋಳಿಗೂ ಬಿ.ಪಿ. ಪಟ್ಟಿ ಕಟ್ಟಿ.

ಊರವರೇ, ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತಿನ ನಡುವೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಆಸ್ಪತ್ರೆಯಲ್ಲಿ ಇಸಿಜಿ ಯಂತ್ರ ರಾತ್ರಿಯೂ ನಡೆಯುತ್ತದೆಯೇ? ಫಿಟ್ಸಿನ ಗುಳಿಗೆ ತಿಂಗಳಿಡೀ ಸಿಗುತ್ತದೆಯೇ? ಲಕ್ವಾದವರನ್ನು ಸ್ಕ್ಯಾನ್ ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ಮುಟ್ಟಿಸುತ್ತೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ.